ಹಬ್ಬಕ್ಕೆ ಮುನ್ನ ಬಂದ ಸರಕು

ಶ್ರಾವಣವು ಶರಣರ ನುಡಿಗಳನ್ನು ಕೇಳುವ ಮಾಸ. ದಾವಣಗೆರೆ ಹರಿಹರಗಳ ಮಠಮಂದಿರಗಳಲ್ಲಿ ಸಂಜೆಯ ಹೊತ್ತು ಪ್ರವಚನ ನಡೆಯುತ್ತದೆ. ಮನೆವಾರ್ತೆಯನ್ನು ಮುಗಿಸಿದ ತಾಯಂದಿರು ಮಕ್ಕಳ ಕೈಹಿಡಿದು ಬಂದು ಕೇಳುತ್ತಾರೆ. ಕೇಳಿ ಪೇಟೆಯ ಹಾದಿಯಾಗಿ ಮನೆಗೆ ಹಿಂದಿರುಗುತ್ತಾರೆ. ಆ ಹಾದಿಯಲ್ಲಿ ಎರಡನೆಯ ಪ್ರವಚನವೊಂದು ಅವರಿಗಾಗಿ ಕಾದಿರುತ್ತದೆ. ಗಣೇಶನ ಚೌತಿ ಇನ್ನೂ ಬಂದಿಲ್ಲ, ಮಹಾನವಮಿಗೆ ಬಹಳ ದಿನಗಳಿವೆ. ಆಗಲೇ ಕೆಲವು ಅಂಗಡಿಗಳ ಗಾಜಿನ ಹಿಂದೆ ದೀಪಾವಳಿಯ ಸೀರೆಗಳೂ ಬಣ್ಣದ ದೀಪದ ಸರಗಳೂ ಬಂದು ಕುಳಿತಿವೆ. ಮಗು ನಿಂತು ನೋಡುತ್ತದೆ. ತಾಯಿ ಕೈ ಎಳೆದರೂ ಕದಲದು.

ಇದು ಅಲ್ಪ ವಿಷಯವೆಂದು ತೋರಬಹುದು. ಬೇಕಾದವರು ಕೊಳ್ಳಲಿ, ಬೇಡವಾದವರು ಮುಂದೆ ಹೋಗಲಿ ಎನ್ನುವವರುಂಟು. ಅಂಥವರು ಈ ಸೀಮೆಯ ಒಕ್ಕಲಿನ ಮನೆಯನ್ನು ಒಮ್ಮೆ ಹೊಕ್ಕು ನೋಡಬೇಕು. ಭದ್ರಾ ಕಾಲುವೆಯ ನೀರು ಬಂದು ಗದ್ದೆಗಳಲ್ಲಿ ನಾಟಿ ನಡೆಯುವುದು ಶ್ರಾವಣದ ಆಸುಪಾಸಿನಲ್ಲಿ. ಬೀಜ, ಗೊಬ್ಬರ, ಆಳುಗಳ ಕೂಲಿ ಎಂದು ಕೈಯಲ್ಲಿದ್ದ ಹಣವೆಲ್ಲ ಕೆಸರಿಗಿಳಿದಿರುವ ಕಾಲವದು. ಭತ್ತ ಕೊಯ್ಲಿಗೆ ಬರುವುದು ನವೆಂಬರ್ ಡಿಸೆಂಬರಿನಲ್ಲಿ; ಮೆಕ್ಕೆಜೋಳ ಅದಕ್ಕಿಂತ ತುಸು ಮುಂಚೆ ಕೈಸೇರೀತು. ದೀಪಾವಳಿಯಾದರೋ ಬೆಳೆಯು ಮನೆಯ ಕಡೆಗೆ ಮುಖಮಾಡುವ ಹೊತ್ತಿನ ಹಬ್ಬ. ಅದರ ಸರಕು ಮೂರು ತಿಂಗಳು ಮುಂಚೆ ಕಣ್ಣೆದುರು ಬಂದು ನಿಂತರೆ ಕೊಳ್ಳುವ ಹಣ ಎಲ್ಲಿಂದ ಬರಬೇಕು? ಉದ್ದರಿಯಿಂದ ಬರಬೇಕು, ಕಂತಿನಿಂದ ಬರಬೇಕು, ಬಡ್ಡಿಯಿಂದ ಬರಬೇಕು. ಹಬ್ಬ ಬರುವ ವೇಳೆಗೆ ಸೀರೆ ಹಳೆಯದಾಗಿರುತ್ತದೆ. ಸಾಲ ಮಾತ್ರ ಹಾಗೆಯೇ ಇರುತ್ತದೆ.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚಾಗಿ ತಂದರು. ಮಡದಿ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಇಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಇರಿಸಿಕೊಂಡು ಉಳಿದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದರು. ಅಕ್ಕಿ ಕೆಟ್ಟುದಲ್ಲ, ಕದ್ದುದೂ ಅಲ್ಲ. ನಾಳೆಯ ಅಕ್ಕಿ ಇಂದೇ ಮನೆಗೆ ಬಂದುದೇ ಆ ತಾಯಿಗೆ ಸಹಿಸದಾಯಿತು. ಬಡತನದ ಮನೆಯಲ್ಲಿ ನಿಂತು ಹೀಗೆ ಹೇಳುವುದು ಎಷ್ಟು ಕಠಿಣವೆಂಬುದನ್ನು ಗೃಹಿಣಿಯರೇ ಬಲ್ಲರು.

ವರ್ತಕನ ಪಕ್ಷದ ಮಾತನ್ನೂ ಕೇಳಬೇಕು. ಆದಯ್ಯ ಶರಣರು ವ್ಯಾಪಾರಕ್ಕೆಂದೇ ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದವರು; ಅಂಗಡಿಯೂ ಕಾಯಕವೇ. ಹಬ್ಬದ ಹಿಂದಿನ ದಿನ ಹೊರಟು ಸೀರೆ ತರುವುದು ಯಾರಿಗೂ ಸಾಧ್ಯವಿಲ್ಲ. ಮುಂಚಿತವಾಗಿ ಕೊಂಡು ತಂದು ಒಳಗೆ ಜೋಡಿಸಿಡುವುದು ವರ್ತಕನ ವಿವೇಕ, ಅದರಲ್ಲಿ ದೋಷವಿಲ್ಲ. ಅದೇ ಸರಕನ್ನು ಅಕಾಲದಲ್ಲಿ ಬೀದಿಗೆ ಮುಖಮಾಡಿ ತೂಗುಹಾಕಿದಾಗ ವಿಷಯ ಬೇರೆಯಾಗುತ್ತದೆ. ಆಗ ಮಾರಾಟಕ್ಕೆ ಇಟ್ಟಿರುವುದು ಬಟ್ಟೆಯನ್ನಲ್ಲ, ಬಯಕೆಯನ್ನು.

ಶರಣರು ದಿನವಾರಗಳ ಭೇದವನ್ನೇ ಒಪ್ಪಲಿಲ್ಲವಲ್ಲ, ಎಲ್ಲ ದಿನಗಳೂ ಸಮಾನವಾದಮೇಲೆ ಮುಂಚೆಯೆಂದರೇನು ಎಂದು ಜಾಣನೊಬ್ಬ ಕೇಳಬಹುದು. ಶರಣರು ಕಳೆದದ್ದು ದಿನಗಳ ಭಯವನ್ನು. ಮಾಗುವ ಮುನ್ನ ಹಣ್ಣನ್ನು ಕೀಳಬಹುದೆಂದು ಅವರು ಹೇಳಲಿಲ್ಲ. ಮತ್ತು ಹಬ್ಬವು ಅಂಗಡಿಯಿಂದ ಹುಟ್ಟುವುದಿಲ್ಲವೆಂಬುದಕ್ಕೆ ದಾವಣಗೆರೆಯೇ ಸಾಕ್ಷಿ. ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳೊಡಗೂಡಿ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದ್ದು ಇಲ್ಲಿಯ ವಿರಕ್ತಮಠದಲ್ಲಿ. ಕೂಡಿ ಕುಳಿತು ಬಸವಣ್ಣನವರನ್ನು ನೆನೆಯುವುದಕ್ಕೆ ಯಾವ ಸರಕು ಬೇಕಿತ್ತು?

ಮದ್ದಿನ ಸರಕಿನಲ್ಲಿ ಈ ಅವಸರವು ಹಣದ ನಷ್ಟಕ್ಕೇ ನಿಲ್ಲುವುದಿಲ್ಲ. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಹಾವೇರಿ ಜಿಲ್ಲೆ. 2023ನೆಯ ಆಗಸ್ಟ್ 29ರಂದು ಹಾವೇರಿಯ ಬಳಿಯ ಆಲದಕಟ್ಟಿಯಲ್ಲಿ ಪಟಾಕಿಯ ಗೋದಾಮು ಹತ್ತಿ ಉರಿದು ಕೂಲಿಯಾಳುಗಳು ಪ್ರಾಣಬಿಟ್ಟರು. ಆ ವರ್ಷದ ದೀಪಾವಳಿಗೆ ಇನ್ನೂ ಎರಡು ತಿಂಗಳ ಮೇಲಿತ್ತು. ಅಕ್ಟೋಬರ್ 7ರಂದು, ಹಬ್ಬಕ್ಕೆ ಐದು ವಾರವಿರುವಾಗ, ಬೆಂಗಳೂರಿನಾಚೆಯ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಸತ್ತವರು 14ಕ್ಕೂ ಹೆಚ್ಚು ಮಂದಿ. ತಮಿಳುನಾಡಿನಿಂದ ಹಬ್ಬದ ಕಾಲದ ದುಡಿಮೆಗೆಂದು ಬಂದಿದ್ದ ಹುಡುಗರು ಅವರಲ್ಲಿ ಹಲವರು. ಕಿಡಿ ಎಲ್ಲಿಂದ ಬಂತೆಂಬುದು ಬೇರೆಯ ಮಾತು. ಕಿಡಿ ಬೀಳುವುದಕ್ಕೆ ರಾಶಿಯೊಂದು ಸಿದ್ಧವಾಗಿತ್ತು. ಬೆಳಕಿನ ಹಬ್ಬ ಬರುವುದರೊಳಗೆ ಎಷ್ಟೋ ಮನೆಗಳ ದೀಪ ಆರಿಹೋಯಿತು. ಆ ವರ್ಷ ಪಟಾಕಿ ಕೊಂಡ ತಂದೆಯರಲ್ಲಿ ಎಷ್ಟು ಜನ ಆ ಹುಡುಗರನ್ನು ನೆನೆದರೋ ತಿಳಿಯದು.

ದೀಪಾವಳಿಗೆ ಬೇಕಾದ ಕೆಲವು ಸರಕುಗಳು ಮಾತ್ರ ಎಂದೂ ಮುಂಚೆ ಬರಲಾರವು. ಹಬ್ಬದ ಮುನ್ನಾದಿನ ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಕಾಚಿಕಡ್ಡಿ, ಉತ್ತರಾಣಿ, ತಂಗಡಿಯ ಹೂವು, ಮಾವಿನ ಸೊಪ್ಪುಗಳನ್ನು ಹೊರೆಕಟ್ಟಿ ತಂದು ದಾವಣಗೆರೆಯ ಬೀದಿಯ ಬದಿಯಲ್ಲಿ ಗೋಣಿ ಹಾಸಿ ಕೂರುತ್ತಾರೆ. ಹಟ್ಟಿಯ ಲಕ್ಕವ್ವನಿಗೂ ಹೊಸ್ತಿಲಿಗೂ ಬೇಕಾದವು ಅವೇ. ಶ್ರಾವಣದಲ್ಲಿ ಕಿತ್ತಿಟ್ಟರೆ ಬಾಡುತ್ತವೆ, ಹಬ್ಬ ಕಳೆದರೆ ಯಾರೂ ಕೇಳುವುದಿಲ್ಲ. ಬೆಳಗಿನ ಇಬ್ಬನಿ ಆರುವ ಮುನ್ನ ಕೊಯ್ದದ್ದು ಸಂಜೆಯೊಳಗೆ ಮಾರಿಹೋಗಬೇಕು. ಮಾರಿಹೋದ ಮೇಲೆ ಆ ತಾಯಂದಿರು ಗೋಣಿ ಕೊಡವಿ, ಬಂದ ಹಣದಲ್ಲಿ ಮಕ್ಕಳಿಗೆಂದು ಏನನ್ನೋ ಕೊಂಡು ಸೆರಗಿನಲ್ಲಿ ಕಟ್ಟಿಕೊಂಡು, ಕತ್ತಲಾಗುವ ಮೊದಲೇ ತಮ್ಮ ಊರಿನ ಬಸ್ಸು ಹತ್ತುತ್ತಾರೆ.