ಲಾಟರಿಯ ಲೆಕ್ಕವೂ ಪರಿಮಾಣವ್ರತವೂ

ಮೈಸೂರಿನ ಮಂಡಕಳ್ಳಿಯನ್ನು ಹಾದು ನಂಜನಗೂಡು, ಗುಂಡ್ಲುಪೇಟೆಗಳ ಮಾರ್ಗವಾಗಿ ಸಾಗುವ ಹೆದ್ದಾರಿಯು ಕೇರಳದ ಸುಲ್ತಾನ್ ಬತ್ತೇರಿಯನ್ನು ಸೇರುತ್ತದೆ. ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. 1967ರಲ್ಲಿ ಆರಂಭವಾದ ಕೇರಳದ ಸರ್ಕಾರಿ ಲಾಟರಿಯು ಮುಂದುವರಿದಿದೆ. 2024ರ ತಿರುವೋಣಂ ಬಂಪರಿನ 25 ಕೋಟಿ ರೂಪಾಯಿ, ಬತ್ತೇರಿಯಲ್ಲಿ ಟಿಕೆಟು ಕೊಂಡ ಮಂಡ್ಯ ಜಿಲ್ಲೆಯವರೊಬ್ಬರಿಗೆ ಒಲಿಯಿತು. ಹೀಗಿರುವಾಗ, ಯಾವ ಲಾಟರಿಯಲ್ಲಿ ಗೆಲುವು ಸುಲಭವೆಂಬ ಪ್ರಶ್ನೆ ಏಳುವುದು ಸಹಜ.

ಆ ವರ್ಷ ಬಂಪರಿನಲ್ಲಿ ಮಾರಾಟವಾದ ಟಿಕೆಟುಗಳು 70 ಲಕ್ಷಕ್ಕೂ ಅಧಿಕ. ಪ್ರಥಮ ಬಹುಮಾನ ಒಂದೇ. ಬ್ರಿಟನ್ನಿನ ಲೋಟೋದಲ್ಲಿ ಅವಕಾಶವು ಸುಮಾರು 4.5 ಕೋಟಿಗೆ ಒಂದು. ಅಮೆರಿಕದ ಪವರ್‌ಬಾಲಿನಲ್ಲಿ ಸುಮಾರು 29 ಕೋಟಿಗೆ ಒಂದು. ಹೋಲಿಕೆಯಲ್ಲಿ ಕೇರಳದ್ದೇ ಮೇಲು. ಆದರೂ ದಿನಕ್ಕೊಂದು ಟಿಕೆಟಿನಂತೆ ಎಣಿಸಿದರೆ 70 ಲಕ್ಷ ದಿನಗಳೆಂದರೆ 19,000 ವರ್ಷಗಳು!

ಸಪ್ತವ್ಯಸನಗಳಲ್ಲಿ ದ್ಯೂತವೂ ಒಂದೆಂದು ಎಣಿಸಿರುವುದು ಅದರಲ್ಲಿ ಸೋಲು ಹೆಚ್ಚೆಂಬ ಕಾರಣಕ್ಕಲ್ಲ. ‘ಒಂದೇ ಟಿಕೆಟು; ಸೋತರೆ ಹಣವು ಸರ್ಕಾರದ ಸತ್ಕಾರ್ಯಕ್ಕೆ’ ಎನ್ನುವವರುಂಟು. ಸತ್ಕಾರ್ಯಕ್ಕೆ ಕೊಡುವವನು ಪ್ರತಿಫಲದ ಚೀಟಿಯನ್ನು ಬೇಡುವುದಿಲ್ಲ.

ಪರಿಗ್ರಹಪರಿಮಾಣ ವ್ರತವನ್ನು ತಳೆದ ಶ್ರಾವಕನು ತನ್ನ ಸಂಪತ್ತಿಗೆ ತಾನೇ ಮಿತಿಯನ್ನು ವಿಧಿಸಿಕೊಂಡಿರುತ್ತಾನೆ. ಅಂಥವನ ಕೈಯಲ್ಲಿ ಟಿಕೆಟಿದ್ದರೆ ಅವನು ಬಯಸುವುದೇನನ್ನು? ಸೋಲನ್ನಾದರೆ, ಕೊಂಡದ್ದೇಕೆ? ಗೆಲುವನ್ನಾದರೆ, ತಾನು ಹಾಕಿಕೊಂಡ ಮಿತಿಯು ಮುರಿಯಲೆಂದೇ ಬಯಸಿದಂತಾಯಿತು. ಫಲಿತಾಂಶ ಬರುವ ಮುನ್ನವೇ ಮನಸ್ಸಿನಲ್ಲಿ ವ್ರತಕ್ಕೆ ಕುಂದು ಬಂದಿರುತ್ತದೆ. ಧನಲಾಭವು 70 ಲಕ್ಷಕ್ಕೊಂದು. ಈ ಹಾನಿಯಾದರೋ ಪ್ರತಿಯೊಂದು ಟಿಕೆಟಿಗೂ ನಿಶ್ಚಿತ. ಗೃಹಸ್ಥರು ಮೊದಲು ಎಣಿಸಬೇಕಾದುದು ಇದನ್ನು.