ಖಾಲಿ ಜಾಗ ಯಾರದು?

ಹಾನಗಲ್ಲಿನಲ್ಲಿ ನಾವು ಮನೆ ಕಟ್ಟಿಕೊಂಡಿರುವ ಬಡಾವಣೆ ಹತ್ತು ವರ್ಷದ ಹಿಂದೆ ಭತ್ತದ ಗದ್ದೆ. ನಕ್ಷೆಯಲ್ಲಿ ಅದರ ಒಂದು ತುಂಡಿಗೆ ಹಸಿರು ಬಣ್ಣ ಬಳಿದು ‘ಉದ್ಯಾನ’ ಎಂದು ಬರೆದಿದ್ದಾರೆ. ನೆಲದ ಮೇಲೆ ಅಲ್ಲಿರುವುದು ಜಾಲಿಗಿಡ, ಸಂಜೆ ಕ್ರಿಕೆಟ್ ಆಡುವ ಹುಡುಗರು, ಮೇಯುವ ಎರಡು ಎಮ್ಮೆ.

ಕಳೆದ ತಿಂಗಳು ನೆರೆಮನೆಯ ಹಿರಿಯರು ಅರ್ಜಿ ಹಿಡಿದು ಬಂದರು. ‘ಸುಮ್ನ ಖಾಲಿ ಬಿದ್ದೈತ್ರಿ ಸರ. ಸಮುದಾಯ ಭವನ ಆದ್ರ ಬಡವರ ಮದುವಿಗೆ ಅನುಕೂಲ ಆಕ್ಕೈತಿ. ಒಂದು ಸಹಿ ಹಾಕ್ರಿ’ ಎಂದರು. ಅವರದು ದುರಾಸೆಯಲ್ಲ. ಹಾಗಾಗಿಯೇ ಥಟ್ಟನೆ ಬೇಡ ಎನ್ನಲಾಗಲಿಲ್ಲ.

ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡಲೆಂದೇ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಡಾವಣೆಯ ಶೇ. 15 ಜಾಗವನ್ನು ಉದ್ಯಾನ ಮತ್ತು ಆಟದ ಬಯಲಿಗೇ ಮೀಸಲಿಡುತ್ತದೆ. ಅದೇ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನದ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟಿಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ಸಲ್ಲದು ಎಂದಿತು.

ಜೀವ ಉಳಿಸುವ ಆಸ್ಪತ್ರೆಗಿಂತ ಹುಲ್ಲು ಬೆಳೆಯುವ ಬಯಲು ದೊಡ್ಡದೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ನನಗೆ ತೋಚಿದ್ದಿಷ್ಟು: ಭವನಕ್ಕೆ ಬಾಡಿಗೆ ಇರುತ್ತದೆ, ಬೀಗ ಇರುತ್ತದೆ, ಬೀಗದ ಕೈ ಹಿಡಿದ ಸಮಿತಿ ಇರುತ್ತದೆ. ಬಯಲಿಗೆ ಬರಲು ಯಾರನ್ನೂ ಕೇಳಬೇಕಿಲ್ಲ. ಅಂಗಳವಿಲ್ಲದ ಬಾಡಿಗೆ ಕೋಣೆಯ ಮಗುವಿಗೆ ಅದೇ ಅಂಗಳ. ಅರ್ಜಿಗೆ ಸಹಿ ಹಾಕುವವರು ನಾವು, ಸೈಟಿನ ಮಾಲೀಕರು. ಆ ಮಗುವಿನ ಸಹಿಯನ್ನು ಯಾರೂ ಕೇಳುವುದಿಲ್ಲ. ಇನ್ನೂ ಹುಟ್ಟದ ಮಗುವಿನದಂತೂ ದೂರವೇ ಉಳಿಯಿತು.

ಭವನಕ್ಕೆ ನಾಳೆ ಬೇರೆ ಜಾಗ ಕೊಳ್ಳಬಹುದು. ಸವಣೂರಿನಲ್ಲಿ 2023ರ ಮಳೆಗಾಲದಲ್ಲಿ ಉರುಳಿದ ಪುರಾತನ ದೊಡ್ಡಹುಣಸೆ ಮರವನ್ನೇ ಮತ್ತೆ ಎತ್ತಿ ನಿಲ್ಲಿಸಿದರು. ಆದರೆ ಕಟ್ಟಡ ಎದ್ದ ಜಾಗ ಮರಳಿ ಬಯಲಾದದ್ದನ್ನು ನಾನು ಹಾನಗಲ್ಲಿನಲ್ಲಾಗಲಿ, ಶಿಗ್ಗಾಂವಿ, ಹಿರೇಕೆರೂರುಗಳಲ್ಲಾಗಲಿ ಕಂಡಿಲ್ಲ.

ನಾನು ಸಹಿ ಹಾಕಲಿಲ್ಲ. ಹಿರಿಯರು ಬೇಸರದಿಂದಲೇ, ‘ಹಂಗಾದ್ರ ನೀವರ ಒಂದ್ ಗಿಡಾ ಹಚ್ಚೀರೇನ್ರಿ?’ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಾನೂನು ಜಾಗ ಕೊಟ್ಟಿತ್ತು. ಅದನ್ನು ಖಾಲಿ ಎನಿಸಿಕೊಳ್ಳುವಂತೆ ಬಿಟ್ಟವರಲ್ಲಿ ನಾನೂ ಒಬ್ಬ. ಮರುದಿನ ನರ್ಸರಿಯಿಂದ ನಾಲ್ಕು ಹೊಂಗೆ ಸಸಿ ತಂದೆ. ಗುಂಡಿ ತೋಡುವಾಗ ಆ ಹಿರಿಯರೇ ಸಲಿಕೆ ಹಿಡಿದು ಬಂದರು. ಅರ್ಜಿ ಇನ್ನೂ ಅವರ ಮನೆಯಲ್ಲೇ ಇದೆ.