ಹಂಗಿಲ್ಲದ ನೆರವು

ಚಿಂತಾಮಣಿ, ಶಿಡ್ಲಘಟ್ಟದ ರಸ್ತೆಗಳಲ್ಲಿ ಹಿಂಬದಿಗೆ ಎರಡು ಹೆಚ್ಚುವರಿ ಗಾಲಿ ಜೋಡಿಸಿದ ಸ್ಕೂಟರ್‌ಗಳು ಈಗ ಅಪರೂಪವಲ್ಲ. ಪೋಲಿಯೊದಿಂದ ಕಾಲಿನ ಬಲ ಹೋದವರು ಅವನ್ನೇರಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುತ್ತಾರೆ, ಮಗಳನ್ನು ಶಾಲೆಗೆ ಬಿಡುತ್ತಾರೆ. ಗಾಡಿ ಬರುವ ಮುಂಚೆ ಅದೇ ಮನುಷ್ಯ ತಮ್ಮನಿಗೆ ಬಿಡುವಾಗುವ ತನಕ ಜಗಲಿಯ ಮೇಲೆ ಕಾಯಬೇಕಿತ್ತು. ಗಾಡಿ ಬಂದ ಮೇಲೆ ಕಾಲು ನೆಟ್ಟಗಾಗಲಿಲ್ಲ, ಛಲವೇನೂ ಹೆಚ್ಚಲಿಲ್ಲ. ಹೊರಡುವ ಹೊತ್ತು ಮಾತ್ರ ಅವನ ಕೈಗೆ ಬಂತು.

ಸ್ವಾವಲಂಬನೆ ಎಂದರೆ ನನ್ನ ಮಟ್ಟಿಗೆ ಇದೇ: ತನ್ನ ದಿನ ತನ್ನ ಮಾತಿನಂತೆ ನಡೆಯುವುದು. ಯಾರ ನೆರವೂ ಬೇಡ ಎನ್ನುವ ಬದುಕು ಯಾರಿಗಿದೆ? ನಮ್ಮ ಈ ಬರದ ಸೀಮೆಯಲ್ಲಿ ಗಟ್ಟಿಮುಟ್ಟಾದ ರೈತನೂ ಸಾವಿರ ಅಡಿಯ ಕೊಳವೆಬಾವಿಯನ್ನು, ಅದಕ್ಕೆ ಕರೆಂಟು ಕೊಡುವ ಲೈನ್‌ಮನ್‌ನನ್ನು ನಂಬಿಯೇ ಬದುಕುತ್ತಾನೆ. ಅವನನ್ನು ಯಾರೂ ಪರಾವಲಂಬಿ ಎನ್ನುವುದಿಲ್ಲ.

ಅಮೆರಿಕದ ಎಡ್ ರಾಬರ್ಟ್ಸ್‌ಗೆ ಪೋಲಿಯೊದಿಂದ ಕುತ್ತಿಗೆಯ ಕೆಳಗೆ ಚಲನೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಉಸಿರಾಟಕ್ಕಾಗಿ ರಾತ್ರಿ ಯಂತ್ರದೊಳಗೆ ಮಲಗುತ್ತಿದ್ದರು. 1972ರಲ್ಲಿ ಬರ್ಕ್ಲಿಯಲ್ಲಿ ಅಂಗವಿಕಲರೇ ನಡೆಸುವ ಸ್ವತಂತ್ರ ಜೀವನ ಕೇಂದ್ರ ಕಟ್ಟಿದವರಲ್ಲಿ ಅವರು ಪ್ರಮುಖರು. ನೆರವು ಎಷ್ಟೇ ಬೇಕಾಗಲಿ, ಅದು ಯಾರಿಂದ, ಯಾವಾಗ, ಹೇಗೆ ಎಂಬುದನ್ನು ಬೇಕಾದವರೇ ತೀರ್ಮಾನಿಸಬೇಕು ಎಂಬುದು ಆ ಚಳವಳಿಯ ತಿರುಳು.

ನಮ್ಮಲ್ಲಿ ಮನೆಯವರು ಇದ್ದಾರಲ್ಲ ಎನ್ನಬಹುದು. ಆ ಪ್ರೀತಿ ದೊಡ್ಡದು, ನಿಜ. ಆದರೆ ಬೆಳೆದ ಮಗನನ್ನು ಎತ್ತಿ ಇಳಿಸುವ ತಾಯಿಯ ಸೊಂಟ ಎಷ್ಟು ವರ್ಷ ತಾಳೀತು? ಮಾಸಾಶನ ಯಾರ ಕೈಗೆ, ಮದುವೆ ಬೇಕೋ ಬೇಡವೋ ಎಂಬುದನ್ನೂ ಎಷ್ಟೋ ಮನೆಗಳಲ್ಲಿ ಮಿಕ್ಕವರೇ ತೀರ್ಮಾನಿಸಿಬಿಡುತ್ತಾರೆ. ಕಚೇರಿಗೆ ಹೋದರೆ ಗುಮಾಸ್ತರು ಎದುರಿಗೆ ಕೂತವರನ್ನು ಬಿಟ್ಟು ಜೊತೆಗೆ ಬಂದವರನ್ನು ಕೇಳುತ್ತಾರೆ: “ಇವರಿಗೇನಾಗಬೇಕಿತ್ತು?”

ಪೋಲಿಯೊಗೆ ಕೈಕಾಲುಗಳ ಶಕ್ತಿಯನ್ನೇ ಕಳೆದುಕೊಂಡ ಕೆ.ಎಸ್. ರಾಜಣ್ಣ ರಾಜ್ಯದ ಅಂಗವಿಕಲರ ಆಯುಕ್ತರಾದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚಪ್ಪಾಳೆ ತಟ್ಟಿದೆವು, ತಟ್ಟಲೇಬೇಕಿತ್ತು. ಆದರೆ ಅವರನ್ನು ತೋರಿಸಿ ಗೌರಿಬಿದನೂರಿನ ಹಳ್ಳಿಯ ಹುಡುಗಿಗೆ “ನೀನೂ ಹಾಗಾಗು” ಎನ್ನುವುದು ಅನ್ಯಾಯ. ಅಂಗವಿಕಲೆಯಾಗಿ ಅವಳಿಗೆ ಸಿಕ್ಕ ಬಸ್ ಪಾಸು 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ಆದರೆ ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ಅದನ್ನು ಹತ್ತಲು ಪದ್ಮಶ್ರೀ ಪಡೆಯುವಷ್ಟು ಛಲ ಯಾಕೆ ಬೇಕು?

ಹೀಗೆ ಹತ್ತಿಳಿಯುವ ಅನುಕೂಲವನ್ನು ಕಾನೂನು ದಯೆಗೆ ಬಿಟ್ಟಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ನಿಯಮಗಳು ಜಾರಿಗೆ ಬಂದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೂ ಎಲ್ಲರೂ ಬಳಸುವಂತಾಗಬೇಕು ಎನ್ನುತ್ತದೆ. ನಿಯಮಗಳು ಬಂದದ್ದು 2017ರಲ್ಲಿ. ಗಡುವು 2022ಕ್ಕೇ ಮುಗಿದಿದೆ. ಹಕ್ಕಾಗಿ ಬಂದ ಇಳಿಜಾರು ದಾರಿಗೆ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಹೆಗಲ ಮೇಲೆ ಹೊತ್ತು ಹತ್ತಿಸಿದವರ ಋಣ ಮಾತ್ರ ಬೆನ್ನು ಬಿಡುವುದಿಲ್ಲ.

ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಅದರ ಲೆಕ್ಕ ಕೇಳಿ. ಅದಕ್ಕೂ ಮೊದಲು, ಸಭೆ ಸೇರುವ ಜಾಗಕ್ಕೆ ಗಾಲಿಕುರ್ಚಿ ಬರುತ್ತದೆಯೇ ನೋಡಿ. ಕೇಳಬೇಕಾದವರೇ ಬಂದು ಕೇಳಲಿ.